ನರ ‘ತನ್ನ ಜಾಗದಲ್ಲಿ’ ಇರಲಿಲ್ಲವೆಂದರೆ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಕೊರಳಿನ ಬಲಭಾಗದ ಥೈರಾಯ್ಡ್ ಗಂಟನ್ನು ಕಳೆದ ತಿಂಗಳು ಬೆಳಗಾವಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಧ್ವನಿಯ ನರ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಹುಡುಕಲು ಹೊತ್ತು ಹಿಡಿಯಿತು ಎಂದು ವೈದ್ಯರು ಆಮೇಲೆ ಹೇಳಿದರು. ತಾಯಿಯ ಧ್ವನಿ ಮೊದಲಿನಂತೆಯೇ ಇದೆ. ಇದು ರೋಗವೇ? ನನಗೂ ನನ್ನ ತಮ್ಮನಿಗೂ ಪರೀಕ್ಷೆ ಬೇಕೇ?
— ಓದುಗರೊಬ್ಬರು, ಬನಹಟ್ಟಿ

ಉತ್ತರ: ಇದು ರೋಗವಲ್ಲ, ಹುಟ್ಟಿನಿಂದ ಬಂದ ರಚನೆಯ ವ್ಯತ್ಯಾಸ. ಸಾಮಾನ್ಯವಾಗಿ ಮನೆತನದಲ್ಲಿ ಹರಿದುಬರುವಂಥದ್ದೂ ಅಲ್ಲವಾದ್ದರಿಂದ ನಿಮ್ಮಿಬ್ಬರಿಗೂ ಪರೀಕ್ಷೆ ಬೇಕಿಲ್ಲ.

ಧ್ವನಿತಂತುಗಳನ್ನು ಆಡಿಸುವ ನರವು ಮಿದುಳಿನಿಂದ ಕೊರಳಿನ ಮೂಲಕ ಎದೆಗಿಳಿಯುವ ವೇಗಸ್ ನರದ ಕವಲು. ಅದು ನೆಟ್ಟಗೆ ಧ್ವನಿಪೆಟ್ಟಿಗೆಗೆ ಹೋಗದೆ ಕೆಳಗಿಳಿದು, ಎಡಗಡೆ ಮಹಾಧಮನಿಯ ಕಮಾನಿಗೂ ಬಲಗಡೆ ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಧಮನಿಗೂ ಸುತ್ತು ಹಾಕಿ ಮತ್ತೆ ಮೇಲೇರುತ್ತದೆ. ಗರ್ಭದಲ್ಲಿ ಕೊರಳು ಉದ್ದವಾಗಿ ಹೃದಯ ಎದೆಗಿಳಿಯುವಾಗ ಈ ಧಮನಿಗಳು ನರವನ್ನು ಕೊಕ್ಕೆಯಂತೆ ಹಿಡಿದು ಕೆಳಗೆ ಎಳೆದೊಯ್ಯುವುದೇ ಈ ಸುತ್ತುದಾರಿಗೆ ಕಾರಣ. ಕೆಲವರಲ್ಲಿ ಭ್ರೂಣದ ಬಲಗಡೆಯ ನಾಲ್ಕನೆಯ ಕಮಾನು, ಅಂದರೆ ಮುಂದೆ ಬಲತೋಳಿನ ಧಮನಿಯ ಬುಡವಾಗಬೇಕಾದ ರಕ್ತನಾಳ, ಅಳಿದುಹೋಗಿರುತ್ತದೆ. ಆಗ ಬಲತೋಳಿನ ಧಮನಿಯು ಮಹಾಧಮನಿಯ ಕೊನೆಯ ಕವಲಾಗಿ ಎಡಗಡೆಯಿಂದ ಹೊರಟು, ಬಹುಪಾಲು ಅನ್ನನಾಳದ ಹಿಂದಿನಿಂದ ಹಾದು ಬಲಕ್ಕೆ ಬರುತ್ತದೆ. ಎಳೆಯುವ ಕೊಕ್ಕೆಯೇ ಇಲ್ಲದ್ದರಿಂದ ನರ ಕೊರಳಿನಲ್ಲೇ ಅಡ್ಡಹಾದು ಧ್ವನಿಪೆಟ್ಟಿಗೆ ಸೇರುತ್ತದೆ. ಬಲಗಡೆ ಇದು ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ ಇರುತ್ತದೆ. ಎಡಗಡೆಯಂತೂ ತೀರ ಅಪರೂಪ. ವೈದ್ಯಕೀಯ ಬರಹದಲ್ಲಿ ಇದನ್ನು ಮೊದಲು ವಿವರಿಸಿದ್ದು 1823ರಲ್ಲಿ, ಸ್ಟೆಡ್‌ಮನ್ ಎಂಬವರು.

ಹೊತ್ತು ಹಿಡಿದದ್ದೇಕೆ ಎಂಬುದನ್ನು ಟೇಬಲ್ಲಿನ ಬಳಿ ನಿಂತು ನೋಡಿದರೆ ತಿಳಿಯುತ್ತದೆ. ಗ್ರಂಥಿಯನ್ನು ಎತ್ತಿ ಪಕ್ಕಕ್ಕೆ ಸರಿಸಿದಾಗ ಶ್ವಾಸನಾಳ ಮತ್ತು ಅನ್ನನಾಳಗಳ ನಡುವಿನ ಸಂದಿಯಲ್ಲಿ ಕೆಳಗಿನಿಂದ ಮೇಲೇರುವ, ಎರಡು ಮಿಲಿಮೀಟರ್ ದಪ್ಪದ ಬಿಳಿಯ ಎಳೆ ಕಾಣಬೇಕು. ಕಾಣಲಿಲ್ಲವೆಂದರೆ ಕೈ ತಡೆದು, ಪಕ್ಕದಿಂದ ಅಡ್ಡ ಬರುವ ಪ್ರತಿಯೊಂದು ಎಳೆಯನ್ನೂ ನರವೆಂದೇ ಅನುಮಾನಿಸಬೇಕು. ಅವಸರದಲ್ಲಿ ಅದನ್ನು ಸಣ್ಣ ರಕ್ತನಾಳವೆಂದು ಬಗೆದು ಕಟ್ಟಿ ಕತ್ತರಿಸಿದರೆ ಧ್ವನಿ ಒಡೆದು, ನೀರು ಕುಡಿದಾಗ ನೆತ್ತಿಗೇರುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಆ ತಡವೇ ಧ್ವನಿಯನ್ನು ಉಳಿಸಿದೆ ಎಂದು ನನ್ನ ಅಭಿಪ್ರಾಯ. ‘ಜಾಗದಲ್ಲಿ ಇರಲಿಲ್ಲ’ ಎನ್ನುವ ಮಾತು ನಮ್ಮ ವೈದ್ಯರ ಬಾಯಲ್ಲಿ ಸಹಜವಾಗಿ ಬಂದುಬಿಡುತ್ತದೆ, ಕೇಳಿದವರಿಗೆ ಮಾತ್ರ ನಿದ್ದೆ ಹತ್ತುವುದಿಲ್ಲ.

ಇನ್ನು ಮಾಡಬೇಕಾದ ಕೆಲಸ ಒಂದಿದೆ. ಡಿಸ್ಚಾರ್ಜ್ ಕಾಗದದಲ್ಲಿ ಈ ಸಂಗತಿ ಬರೆದಿದೆಯೇ ನೋಡಿ. ಇಲ್ಲವಾದರೆ ಕೇಳಿ ಬರೆಯಿಸಿಕೊಳ್ಳಿ. ಬಲಗಡೆಯ ನರ ಹೀಗಿದ್ದರೆ ಬಲತೋಳಿನ ಧಮನಿಯೂ ಬೇರೆ ದಾರಿ ಹಿಡಿದಿರುವುದು ಬಹುತೇಕ ಖಚಿತ; ಸಿ.ಟಿ. ಸ್ಕ್ಯಾನಿನಲ್ಲಿ ಅದು ಕಾಣುತ್ತದೆ. ಅನ್ನ, ರೊಟ್ಟಿಯಂಥ ಗಟ್ಟಿ ಆಹಾರ ನುಂಗುವಾಗ ಅವರಿಗೆ ತಡೆದಂತಾಗುತ್ತಿದ್ದರೆ ಆ ಧಮನಿ ಅನ್ನನಾಳವನ್ನು ಒತ್ತುತ್ತಿರಬಹುದು, ತೋರಿಸಿ. ತೊಂದರೆ ಇಲ್ಲದಿದ್ದರೆ ಚಿಕಿತ್ಸೆಯೂ ಬೇಕಿಲ್ಲ. ಆದರೆ ಮುಂದೆ ಎಂದಾದರೂ ಹೃದಯದ ಆಂಜಿಯೋಗ್ರಾಂ ಮಾಡಿಸುವ ಪ್ರಸಂಗ ಬಂದರೆ, ಬಲ ಮಣಿಕಟ್ಟಿನಿಂದ ನಳಿಕೆ ತೂರಿಸುವುದು ಇಂಥವರಲ್ಲಿ ಕಷ್ಟವಾಗುವುದರಿಂದ, ಆ ಕಾಗದವನ್ನು ಮೊದಲೇ ವೈದ್ಯರ ಕೈಗೆ ಕೊಡಿ. ಅವರು ಎಡಗೈಯನ್ನೋ ತೊಡೆಸಂದಿಯನ್ನೋ ಆಯ್ದುಕೊಳ್ಳುತ್ತಾರೆ.