ಮೊದಲು ಆ ಗೆರೆಯನ್ನು ಅಳೆಯಿರಿ

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಣ್ಣ ಊರಿಗೆ ಬಂದ ನೆರೆ, ಬರ, ಬಿರುಗಾಳಿಗಳ ಚರಿತ್ರೆ ಬರೆಯಲು ಹೊರಟಿದ್ದೀರಿ. ಕಚೇರಿಯ ಕಡತಗಳಲ್ಲಿ ಸಿಕ್ಕಿದ್ದು ಮೂರೇ ಸಾಲು. ಹಿರಿಯರು ಹೇಳುವ ಇಸವಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸಾಲದ್ದಕ್ಕೆ, ‘ಹಳೇ ಗಾಯ ಯಾಕೆ ಕೆದಕ್ತೀರಿ’ ಅಂತ ಊರವರೇ ಕೇಳುತ್ತಿದ್ದಾರೆ. ಇಷ್ಟು ಸಣ್ಣ ಊರಿಗೆ ಇದೆಲ್ಲ ಬೇಕಾ ಎಂಬುದು ನಿಮ್ಮ ಪ್ರಶ್ನೆ. ಜೊತೆಗೊಂದು ಫೋಟೊ ಇಟ್ಟಿದ್ದೀರಿ. ಹಳೆಯ ಮನೆಯ ಗೋಡೆ, ಎದೆಮಟ್ಟದಲ್ಲಿ ಮೊಳೆಯಿಂದ ಗೀಚಿದ ಗೆರೆ, ಪಕ್ಕದಲ್ಲಿ ಸುಣ್ಣದಡಿ ಅರ್ಧ ಮುಚ್ಚಿಹೋದ ಇಸವಿ.

ಬೇಕು. ಸಣ್ಣ ಊರಿಗೇ ಜಾಸ್ತಿ ಬೇಕು. ನಗರಕ್ಕೆ ನೀರು ನುಗ್ಗಿದರೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ವರದಿಯಾಗುತ್ತದೆ. ಸಣ್ಣ ಊರಿನಲ್ಲಿ ಅದು ಉಳಿಯುವುದು ಹತ್ತಿಪ್ಪತ್ತು ಜನರ ತಲೆಯಲ್ಲಿ ಮಾತ್ರ. ಅವರು ಹೋದ ಮೇಲೆ ಅದೇ ತಗ್ಗಿನಲ್ಲಿ ಹೊಸ ಮನೆ ಏಳುತ್ತದೆ.

ಜಪಾನಿನ ಅನೆಯೋಶಿ ಎಂಬ ಪುಟ್ಟ ಹಳ್ಳಿಯ ಕಥೆ ಹೇಳುತ್ತೇನೆ. 1896ರ ಸುನಾಮಿಯಲ್ಲಿ ಅಲ್ಲಿ ಬದುಕಿ ಉಳಿದವರು ಇಬ್ಬರು. ಊರು ಮತ್ತೆ ಕಡಲ ಬಳಿಯೇ ಎದ್ದಿತು. 1933ರಲ್ಲಿ ಮತ್ತೆ ಬಂತು, ಉಳಿದವರು ನಾಲ್ವರು. ಆಮೇಲೆ ಗುಡ್ಡದ ದಾರಿಯಲ್ಲಿ ಒಂದು ಕಲ್ಲು ನೆಟ್ಟರು. ‘ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ’ ಎಂದು ಅದರ ಮೇಲೆ ಕೆತ್ತಿದರು. ಜನ ಆ ಮಾತು ಕೇಳಿದರು. 2011ರಲ್ಲಿ ನೀರು ಆ ಕಲ್ಲಿಗೆ ಸುಮಾರು 100 ಮೀಟರ್ ದೂರದಲ್ಲಿ, ದಾರಿಯ ಕೆಳಗೇ ನಿಂತಿತು. ಮೇಲಿದ್ದ ಒಂದು ಮನೆಗೂ ಏನೂ ಆಗಲಿಲ್ಲ. ಎರಡು ಸಲ ಊರೇ ಅಳಿದ ಮೇಲೆ ಬರೆದ ಒಂದು ಸಾಲು ಅದು.

ಇಂಡೊನೇಷ್ಯಾದ ಸಿಮೆಯುಲುವೆ ದ್ವೀಪದಲ್ಲಂತೂ ಕಲ್ಲೂ ಇರಲಿಲ್ಲ. 1907ರ ಸುನಾಮಿಯ ನೆನಪು ಅಲ್ಲಿ ಕಥೆಯಾಗಿ, ಹಾಡಾಗಿ ಅಜ್ಜಿಯರ ಬಾಯಲ್ಲಿ ಉಳಿದಿತ್ತು. ಸುನಾಮಿಗೆ ಅವರ ಮಾತು ‘ಸ್ಮೊಂಗ್’. ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು, ಅಷ್ಟೇ. 2004ರಲ್ಲಿ ಭೂಕಂಪದ ಕೇಂದ್ರದ ಪಕ್ಕದಲ್ಲೇ ಇದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ ಎಂದು ದಾಖಲಾಗಿದೆ. ಯಾರಿಗೆ ಉಪಯೋಗ ಎಂದು ಕೇಳಿದ್ದಿರಲ್ವಾ, ಅದಕ್ಕೇ ಇದನ್ನು ಹೇಳಿದೆ.

ಈಗ ನಿಮ್ಮ ಗೋಡೆಗೆ ಬರೋಣ. ಆ ಗೆರೆ ನಿಮ್ಮ ಕೈಲಿರುವ ಅತಿ ದೊಡ್ಡ ದಾಖಲೆ. ಸುಣ್ಣವನ್ನು ಚಾಕುವಿನಿಂದ ಕೆರೆಯಲು ಹೋಗಬೇಡಿ. ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ. ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಬೆಳಕು ಬಿಟ್ಟರೆ ಗೀರಿದ ಅಂಕಿಗಳು ನೆರಳಾಗಿ ಎದ್ದು ಕಾಣುತ್ತವೆ. ನೆಲದಿಂದ ಗೆರೆಯವರೆಗೆ ಅಳೆಯಿರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಹಳೆಯ ಮನೆಗಳಲ್ಲಿ ಆಮೇಲೆ ನೆಲ ಎತ್ತರಿಸಿರುತ್ತಾರೆ, ಹೊರಗೆ ರಸ್ತೆಯೂ ಎತ್ತರವಾಗಿರುತ್ತದೆ. ಸೇತುವೆಯ ಕಟ್ಟೆಯಂಥ ಅಲುಗಾಡದ ಒಂದು ಜಾಗ ನೋಡಿಕೊಂಡು, ಅದಕ್ಕಿಂತ ಗೆರೆ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಸರ್ವೆ ಗೊತ್ತಿರುವವರಿಂದ ಮಟ್ಟ ತೆಗೆಸಿ. ಇನ್ನೊಂದು ಮಾತು. ಗುರುತು ಇರುವ ಕಲ್ಲನ್ನೋ ಬಾಗಿಲ ಚೌಕಟ್ಟನ್ನೋ ‘ಕಾಪಾಡ್ತೀವಿ’ ಅಂತ ಬೇರೆ ಕಡೆ ಸಾಗಿಸಲು ಬಿಡಬೇಡಿ. ಜಾಗ ಬದಲಾದರೆ ಆ ಗುರುತಿಗೆ ಅರ್ಥವೇ ಇಲ್ಲ.

ಇಸವಿಗಳು ತಾಳೆಯಾಗದಿದ್ದರೆ ಹಿರಿಯರನ್ನು ತಪ್ಪು ತಿಳಿಯಬೇಡಿ. ‘ಯಾವ ವರ್ಷ’ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ‘ಆಗ ನಿಮ್ಮ ದೊಡ್ಡ ಮಗ ಹುಟ್ಟಿದ್ನಾ? ಶಾಲೆಗೆ ಹೋಗ್ತಿದ್ನಾ?’ ಎಂದು ಕೇಳಿ. ಒಬ್ಬರ ಮುಂದೆ ಇನ್ನೊಬ್ಬರನ್ನು ಕೇಳಬೇಡಿ. ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಹೆಂಗಸರನ್ನು ತಪ್ಪದೆ ಕೇಳಿ. ನೀರು ಯಾವ ಬಾಗಿಲಿಂದ ನುಗ್ಗಿತು, ಕೆಸರು ಎಷ್ಟು ನಿಂತಿತ್ತು ಎಂಬುದು ಅದನ್ನು ಬಾಚಿ ತೊಳೆದವರಿಗೆ ಗೊತ್ತಿರುತ್ತದೆ. ಶಾಲೆಯ ಹಾಜರಿ ಪುಸ್ತಕ ಸಿಕ್ಕರೆ ರಜೆ ಕೊಟ್ಟ ದಿನಗಳನ್ನು ನೋಡಿ. ಪುಟಗಳೇ ಇಲ್ಲವೆಂದರೆ, ಅವೂ ಅದೇ ನೀರಿನಲ್ಲಿ ಹೋಗಿರಬಹುದು.

ನಂಬಲಾಗದ ಮಾತು ಕೇಳಿಬಂದರೂ ಹೊಡೆದುಹಾಕಬೇಡಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಕೋಡೆಲ್ ಎಂಬ ಸಣ್ಣ ಊರಿದೆ. ಅಲ್ಲಿಗೆ 1916, 1917, 1918, ಮೂರೂ ವರ್ಷ ಮೇ 20ರಂದೇ ಸುಂಟರಗಾಳಿ ಬಂತು. ದಾಖಲೆ ಇಲ್ಲದಿದ್ದರೆ ಇದನ್ನು ಯಾರಾದರೂ ಕಟ್ಟುಕಥೆ ಅಂದುಬಿಡುತ್ತಿದ್ದರು.

ಬರದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲಿದೆ. ಅದು ನನಗೆ ಸ್ವಲ್ಪ ಬೇಸರ ತಂದಿತು. ಬರ ಗೋಡೆಯ ಮೇಲೆ ಗೆರೆ ಬಿಡುವುದಿಲ್ಲ, ನಿಜ. ಆದರೆ ಜೆಕ್ ದೇಶದ ದೆಚೀನ್‌ನಲ್ಲಿ ಎಲ್ಬೆ ನದಿಯೊಳಗೆ ಒಂದು ಬಂಡೆ ಇದೆ, ನೀರು ತೀರಾ ಇಳಿದಾಗ ಮಾತ್ರ ಕಾಣುತ್ತದೆ. ಅದರ ಮೇಲೆ 1616ರಂಥ ಬರದ ವರ್ಷಗಳಿವೆ, ‘ನನ್ನನ್ನು ಕಂಡರೆ ಅಳು’ ಎಂಬ ಮಾತಿದೆ. ಅದನ್ನು ಹಸಿವಿನ ಕಲ್ಲು ಎನ್ನುತ್ತಾರೆ. ನಿಮ್ಮಲ್ಲಿ ಯಾವ ಬಾವಿ ಯಾವ ವರ್ಷ ಬತ್ತಿತು, ಯಾರು ಊರು ಬಿಟ್ಟು ಹೋದರು, ಅವರಲ್ಲಿ ಯಾರು ಮರಳಿ ಬರಲಿಲ್ಲ, ಕೇಳಿ ಬರೆದುಕೊಳ್ಳಿ.

‘ಅದು ನೂರು ವರ್ಷಕ್ಕೊಮ್ಮೆ ಬರುವ ನೆರೆ, ಇನ್ನು ಭಯವಿಲ್ಲ’ ಎಂದು ಯಾರೋ ಹೇಳಿದರು ಅಂತ ಬರೆದಿದ್ದೀರಿ. ಈ ಮಾತು ತುಂಬ ಅಪಾಯ. ಅದರ ಅರ್ಥ, ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು ಎಂದು. ಹೋದ ವರ್ಷ ಬಂದರೂ ಈ ವರ್ಷದ ಲೆಕ್ಕ ಅಷ್ಟೇ ಇರುತ್ತದೆ. 30 ವರ್ಷ ಒಂದೇ ಮನೆಯಲ್ಲಿದ್ದವರು ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ನೂರಕ್ಕೆ ಸುಮಾರು 26.

ಏನು ಬಂತು, ಎಷ್ಟು ಜನ ಹೋದರು ಎಂಬುದರ ಜೊತೆಗೆ ಯಾವ ಮನೆ ನಿಂತಿತು, ಯಾವುದು ಬಿತ್ತು, ಯಾಕೆ ಎಂದೂ ಬರೆಯಿರಿ. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ನೆಲ ನಡುಗಿತು. ಸುತ್ತಲಿನ ಹಳ್ಳಿಗಳೂ ಸೇರಿ ಸುಮಾರು 10,000 ಜನ ಸತ್ತರು. ಕಂಪನದ ತೀವ್ರತೆ ಸುಮಾರು 6.2. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಾಳಿಗೆ ಮಲಗಿದ್ದವರ ಮೇಲೆ ಕುಸಿದವು. ಭದ್ರ ಎಂದು ಕಟ್ಟಿಕೊಂಡಿದ್ದ ಗೋಡೆಗಳೇ ಅವು.

ಹಳೆಯ ಗಾಯದ ಮಾತು ನನಗೂ ಕಾಡಿತು. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಒಬ್ಬರು ಸುಮ್ನೆ ಕೂತು ಎದ್ದು ಹೋದರೆ ಹೋಗಲಿ. ಸತ್ತವರ ಹೆಸರನ್ನು ಮನೆಯವರ ಒಪ್ಪಿಗೆ ಇಲ್ಲದೆ ಅಚ್ಚಿಗೆ ಕೊಡಬೇಡಿ. ಆದರೆ ಎಷ್ಟೋ ಜನ ಯಾರೂ ಕೇಳಲಿಲ್ಲ ಎಂದೇ ಹೇಳದೆ ಉಳಿದಿರುತ್ತಾರೆ. ನಿಮ್ಮ ಪತ್ರದ ಆ ತೊಂಬತ್ತರ ಅಜ್ಜಿ, ‘ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ’ ಎಂದರಂತಲ್ಲ. ಈ ವಾರವೇ ಅವರ ಮನೆಗೆ ಹೋಗಿ ಬನ್ನಿ. ಆ ಗೋಡೆಗೆ ಮತ್ತೆ ಸುಣ್ಣ ಹೊಡೆಯುವ ಮೊದಲು ಗೆರೆಯ ಅಳತೆಯೂ ಆಗಲಿ. ಬರೆದಷ್ಟನ್ನು ಕಳಿಸಿ, ನಮ್ಮ ಪತ್ರಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ