ಲಿಮಿಟೆಡ್ ಎಡಿಷನ್ ಪೆನ್ನು: ಬರೆಯೋದಾ, ಡಬ್ಬಿಯಲ್ಲೇ ಇಡೋದಾ?

ನಮಸ್ಕಾರ್ರಿ ಸರ. ನಿಮ್ಮ ಪ್ರಶ್ನೆ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೆ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ. ಆಮೇಲೆ ಓದುವವರಿಗೂ ತಿಳಿಯಲಿ ಅಂತ ನೀವು ಕೇಳಿದ್ದನ್ನು ಮತ್ತೊಮ್ಮೆ ಹೇಳುತ್ತೇನೆ. ಮೇ ತಿಂಗಳಲ್ಲಿ ಹೈಸ್ಕೂಲಿನಿಂದ ನಿಮ್ಮ ನಿವೃತ್ತಿ. ಜರ್ಮನಿಯಲ್ಲಿರುವ ಮಗ ಒಂದು ಲಿಮಿಟೆಡ್ ಎಡಿಷನ್, ಅಂದರೆ ಇಂತಿಷ್ಟೇ ಅಂತ ಎಣಿಸಿ ಮಾಡಿದ, ಶಾಯಿ ಪೆನ್ನು ಕೊಡಿಸುತ್ತೇನೆ ಅಂದಿದ್ದಾನೆ, ಒಂದು ಲಕ್ಷದ ಒಳಗೆ. ಅದರಲ್ಲಿ ಬರೆಯಬೇಕೋ ಹಾಗೇ ಇಡಬೇಕೋ, ಮುಂದೆ ಬೆಲೆ ಬರುತ್ತದೋ ಇಲ್ಲವೋ, ಮುದ್ದೇಬಿಹಾಳದ ಬಿಸಿಲು ಮತ್ತು ಬೋರಿನ ನೀರು ಅದಕ್ಕೆ ಆಗಿಬರುತ್ತದೋ ಇಲ್ಲವೋ.

ಬರೀರಿ ಸರ. ಇಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈಗೆ ಒಳ್ಳೆಯ ಪೆನ್ನು ಬರುವ ಹೊತ್ತಿಗೆ ಅದನ್ನು ತಿಜೋರಿಗೆ ಹಾಕಿ ಬೀಗ ಜಡಿಯಬ್ಯಾಡ್ರಿ. ರೊಕ್ಕದ ಲೆಕ್ಕದಿಂದ ನೋಡಿದರೂ ಇದೇ ಸರಿ. ಲಿಮಿಟೆಡ್ ಎಡಿಷನ್ ಅಂದಮೇಲೆ ಬೆಲೆ ಏರಿಯೇ ಏರುತ್ತದೆ ಅನ್ನುವುದು ಮಾರುವವರ ಮಾತು. ಹೆಚ್ಚಿನವು ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ, ಕೆಲವೇ ಕೆಲವು ಏರುತ್ತವೆ. ಯಾವುದು ಏರುತ್ತದೆ ಅಂತ ಕೊಳ್ಳುವಾಗಲೇ ಹೇಳುವುದು ಕಷ್ಟ. ಮಗನಿಗೆ ದುಡ್ಡು ಬೆಳೆಸುವ ಮನಸ್ಸಿದ್ದರೆ ಅದಕ್ಕೆ ಬೇರೆ ದಾರಿಗಳಿವೆ.

ಈ ಪದ್ಧತಿ ಹೇಗೆ ಬಂತು ಅನ್ನುವುದನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ. 1715ರಲ್ಲಿ ಫ್ಲಾರಿಡಾ ಕರಾವಳಿಯ ಬಳಿ ಸ್ಪೇನಿನ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗಿದ್ದವು. ಅವುಗಳಿಂದ ಮೇಲೆತ್ತಿದ ಬೆಳ್ಳಿಯಲ್ಲಿ ಪಾರ್ಕರ್ ಕಂಪನಿ 1965ರಲ್ಲಿ ತನ್ನ ‘75’ ಮಾದರಿಯ 4821 ಪೆನ್ನು ಮಾಡಿ ಮಾರಿತು. ಸಂಗ್ರಹಕಾರರು ಲಿಮಿಟೆಡ್ ಎಡಿಷನ್ ಅಂತ ಮೊದಲು ಎಣಿಸುವುದು ಅದನ್ನೇ. ಅಲ್ಲಿ ಮಿತಿಗೆ ಒಂದು ಕಾರಣವಿತ್ತು, ಆ ಬೆಳ್ಳಿ ಬೇಕೆಂದಾಗ ಸಿಗುವಂಥದ್ದಲ್ಲ. 1992ರಲ್ಲಿ ಮಾಂಟ್‌ಬ್ಲಾಂಕ್ ಎರಡು ಸರಣಿ ಶುರುಮಾಡಿತು. ಕಲಾಪೋಷಕರ ಸರಣಿಯ ಮೊದಲನೆಯದು ಲೊರೆಂಜೊ ಡಿ ಮೆಡಿಚಿ ಹೆಸರಿನದು, 4810 ಪೆನ್ನು. ಆ ಕಂಪನಿಯ ನಿಬ್ಬಿನ ಮೇಲೆ ಕೆತ್ತಿರುತ್ತದಲ್ಲ 4810, ಅದು ಮಾಂಟ್ ಬ್ಲಾಂಕ್ ಶಿಖರದ ಎತ್ತರ, ಮೀಟರ್ ಲೆಕ್ಕದಲ್ಲಿ. ಲೇಖಕರ ಸರಣಿಯ ಮೊದಲನೆಯದು ಹೆಮಿಂಗ್ವೇ ಹೆಸರಿನದು, ಕಿತ್ತಳೆ ಮತ್ತು ಕಂದು ಬಣ್ಣದ ದಪ್ಪ ಪೆನ್ನು. ಅದನ್ನು 20,000 ಮಾಡಿದರೂ ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಸಂಖ್ಯೆ ಕಡಿಮೆ ಅನ್ನುವುದೊಂದೇ ಬೆಲೆ ತರುವುದಿಲ್ಲ. ಸರಣಿಯಲ್ಲಿ ಮೊದಲನೆಯದಾಗಿರುವುದು, ಆಕಾರ, ಕೈಯಲ್ಲಿ ಕೂರುವ ರೀತಿ, ಎಲ್ಲ ಸೇರಬೇಕು.

ಇನ್ನೊಂದನ್ನು ನೋಡ್ರಿ. 2009ರಲ್ಲಿ ಅದೇ ಕಂಪನಿ ಗಾಂಧೀಜಿ ಹೆಸರಿನಲ್ಲಿ 241 ಪೆನ್ನು ತಂದಿತು. ದಾಂಡಿಯಾತ್ರೆಯ 241 ಮೈಲಿಯ ಲೆಕ್ಕಕ್ಕೆ 241. ಮೈಮೇಲೆ ಚಿನ್ನದ ತಂತಿ ಸುತ್ತಿದ್ದು, ನಿಬ್ಬಿನ ಮೇಲೆ ಕೋಲು ಹಿಡಿದ ಗಾಂಧೀಜಿ, ಬೆಲೆ 11 ಲಕ್ಷ ರೂಪಾಯಿಗೂ ಮೇಲೆ. ಕೇರಳ ಹೈಕೋರ್ಟಿನಲ್ಲಿ ಮೊಕದ್ದಮೆ ನಡೆದು 2010ರಲ್ಲಿ ನಮ್ಮ ದೇಶದಲ್ಲಿ ಮಾರಾಟ ನಿಂತಿತು. ಗಾಂಧೀಜಿಯವರ ಕಾಲದಲ್ಲೇ, 1930ರ ದಶಕದಲ್ಲಿ, ರಾಜಮಹೇಂದ್ರಿಯಲ್ಲಿ ರತ್ನಂ ಅವರು ಎಬೊನೈಟಿನಲ್ಲಿ, ಅಂದರೆ ಗಟ್ಟಿ ರಬ್ಬರಿನಲ್ಲಿ, ಸ್ವದೇಶಿ ಪೆನ್ನು ಮಾಡಿ ಅವರಿಗೆ ಕಳಿಸಿದ್ದರು. ಆ ಮನೆತನದ ಪೆನ್ನು ಇವತ್ತಿಗೂ ಸಿಗುತ್ತದೆ. ನನಗೆ ಒಂದನ್ನು ಆರಿಸು ಅಂದರೆ ರಾಜಮಹೇಂದ್ರಿಯದನ್ನೇ ಆರಿಸುತ್ತೇನೆ.

ದುಬಾರಿ ಪೆನ್ನಿನಲ್ಲಿ ದುಡ್ಡು ಬಹುಪಾಲು ಹೋಗುವುದು ಮೈಗೆ. ಪೆಲಿಕಾನ್ ಎಂ800ರ ವಿಶೇಷ ಆವೃತ್ತಿ ತಗೊಳ್ರಿ, ಬಣ್ಣ ಬೇರೆ, ಒಳಗಿನ ಶಾಯಿ ಎಳೆದುಕೊಳ್ಳುವ ಹಿತ್ತಾಳೆ ಪಿಸ್ಟನ್ನು ಮತ್ತು ನಿಬ್ಬು ಸಾಮಾನ್ಯ ಎಂ800ರದ್ದೇ. ಆದ್ದರಿಂದ ಮಗ ಆರ್ಡರ್ ಹಾಕುವ ಮುಂಚೆ ನೀವು ಅದೇ ಮಾದರಿಯ ಸಾಮಾನ್ಯ ಪೆನ್ನನ್ನು ಒಮ್ಮೆ ಕೈಯಲ್ಲಿ ಹಿಡಿದು ಅರ್ಧ ಪುಟ ಬರೆದು ನೋಡಬೇಕು. ನಮ್ಮ ಬೆಳಗಾವಿಯ ಖಡೇಬಜಾರದಲ್ಲಾಗಲಿ ನಿಮ್ಮ ವಿಜಯಪುರದ ಗಾಂಧಿ ಚೌಕದಲ್ಲಾಗಲಿ ಇಂಥವು ಸಿಗುವುದಿಲ್ಲ. ಬೆಂಗಳೂರಿಗೆ ಹೋದಾಗ ವಿಲಿಯಂ ಪೆನ್ ಅಂಗಡಿಗೆ ಹೋಗ್ರಿ, ಹಿಡಿದು ನೋಡಲು ಕೊಡುತ್ತಾರೆ. (ನಮ್ಮ ರಾಜ್ಯದ ಈ ಕಂಪನಿ 2022ರಲ್ಲಿ ಅಮೆರಿಕದ ಶೇಫರ್ ಪೆನ್ನಿನ ಕಂಪನಿಯನ್ನೇ ಕೊಂಡಿತು, ನನಗಂತೂ ಬಹಳ ಹೆಮ್ಮೆ.) ನೋಟು ತಿದ್ದುವವರ ಕೈಗೆ ತೂಕ ಬಹಳ ಮುಖ್ಯ. ಬೆಳ್ಳಿ, ಹಿತ್ತಾಳೆಯ ಪೆನ್ನು ಹತ್ತು ನಿಮಿಷ ಚಂದ, ಒಂದು ತಾಸಿಗೆ ಹೆಬ್ಬೆರಳು ಸೋಲುತ್ತದೆ.

ಈಗ ನಿಬ್ಬಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದ್ರಿ, ನೀವು ಕನ್ನಡ ಮಾಸ್ತರು, ಬರೆಯುವುದು ಕನ್ನಡ. ಪರದೇಶದ ವಿಮರ್ಶಕರು ಬ್ರಾಡ್, ಅಂದರೆ ದಪ್ಪ ಗೆರೆಯ ನಿಬ್ಬನ್ನು ಹೊಗಳುತ್ತಾರೆ, ಅವರ ಅಕ್ಷರಕ್ಕೆ ಅದು ಸರಿ. ನಮ್ಮದು ಹಾಗಲ್ಲ. ಸಾಮಾನ್ಯ ಗೆರೆ ಹಾಳೆಯಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮೀ’ ಅಂತ ಬ್ರಾಡ್ ನಿಬ್ಬಿನಲ್ಲಿ ಬರೆದು ನೋಡ್ರಿ. ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಮುದ್ದೆಯಾಗುತ್ತದೆ. ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ಶಾಯಿಯಲ್ಲಿ ಮುಳುಗುತ್ತದೆ, ‘ಧ’ದ ಕೆಳಗಿನ ಸೀಳು ಮುಚ್ಚಿ ‘ದ’ ಆಗುತ್ತದೆ. ಫೈನ್ ನಿಬ್ಬಿನಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಜಪಾನಿನ ಫೈನ್ ಯುರೋಪಿನ ಫೈನಿಗಿಂತ ಸುಮಾರು ಒಂದು ಹಂತ ಸಣ್ಣ. ಹಾಗಾಗಿ ಜರ್ಮನಿಯ ಪೆನ್ನಾದರೆ ಫೈನ್ ಅಥವಾ ಎಕ್ಸ್‌ಟ್ರಾ ಫೈನ್, ಜಪಾನಿನದಾದರೆ ಫೈನ್ ಇಲ್ಲವೇ ಮೀಡಿಯಂ. ಅಗಲ ತುದಿಯ ಸ್ಟಬ್ ನಿಬ್ಬಿನಲ್ಲಿ ಕನ್ನಡದ ದುಂಡು ಒಂದೆಡೆ ದಪ್ಪ ಒಂದೆಡೆ ತೆಳುವಾಗಿ ಬಹಳ ಚೆಲುವಾಗಿ ಬರುತ್ತದೆ, ಆದರೆ ಅದು ದೊಡ್ಡಕ್ಷರದ ಆಮಂತ್ರಣಕ್ಕೆ, ಸನ್ಮಾನಪತ್ರಕ್ಕೆ. ದಿನದ ಬರವಣಿಗೆಗೆ ಬ್ಯಾಡ.

14 ಕ್ಯಾರೆಟ್ ನಿಬ್ಬಿಗಿಂತ 18 ಕ್ಯಾರೆಟ್ ನಿಬ್ಬು ನುಣುಪು ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಅದು ಹಾಗಲ್ಲ. ಕಾಗದಕ್ಕೆ ತಾಗುವುದು ಚಿನ್ನವೇ ಅಲ್ಲ, ತುದಿಗೆ ಬೆಸೆದ ಗಟ್ಟಿ ಲೋಹದ ಸಣ್ಣ ಗುಂಡು. ಅದನ್ನು ಇರಿಡಿಯಂ ಅಂತಾರೆ, ನಿಜವಾಗಿ ಆ ಜಾತಿಯ ಬೇರೆ ಬೇರೆ ಲೋಹಗಳ ಮಿಶ್ರಣ. ನುಣುಪು ಬರುವುದು ಅದನ್ನು ಸಾಣೆ ಹಿಡಿದ ರೀತಿಯಿಂದ. ಚಿನ್ನದ ನಿಜವಾದ ಉಪಯೋಗ ಅಂದರೆ ಶಾಯಿಯ ಆಮ್ಲಕ್ಕೆ ಅದು ತುಕ್ಕು ಹಿಡಿಯುವುದಿಲ್ಲ.

ಬಿಸಿಲಿನ ಮಾತಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಅಲ್ಲಿ ಮೊದಲ ತೊಂದರೆ ನಿಬ್ಬಿನಲ್ಲಿ ಶಾಯಿ ಒಣಗುವುದು. ಕ್ಯಾಪು ಗಾಳಿ ಬಿಡದಂತೆ ಮುಚ್ಚುವ ಪೆನ್ನು ನಿಮಗೆ ಬೇಕು. ಈ ವಿಷಯದಲ್ಲಿ ಜಪಾನಿನ ಪ್ಲಾಟಿನಂ 3776 ಸೆಂಚುರಿಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಒಳಕ್ಯಾಪು ಇದ್ದು ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ತೆಗೆದ ಕೂಡಲೇ ಬರೆಯುತ್ತದೆ. 3776 ಅನ್ನುವುದು ಫ್ಯೂಜಿ ಪರ್ವತದ ಎತ್ತರ. ಫ್ಯೂಜಿಯ ಸುತ್ತಲಿನ ಐದು ಸರೋವರಗಳ ಹೆಸರಿನಲ್ಲಿ ಇದರ ಸೀಮಿತ ಆವೃತ್ತಿಗಳು 2011ರಿಂದ ಒಂದೊಂದಾಗಿ ಬಂದವು. ನಿಮ್ಮ ಬಜೆಟ್ಟಿಗಿಂತ ಬಹಳ ಕೆಳಗೆ ಸಿಗುವ ಪೆನ್ನು. ನಿಮ್ಮ ಜಾಗದಲ್ಲಿ ನಾನಿದ್ದರೆ ಮಗನಿಗೆ ಇದನ್ನೇ ಹೇಳುತ್ತಿದ್ದೆ.

ಹನಿಹನಿಯಾಗಿ ಶಾಯಿ ತುಂಬುವ ದೇಶಿ ಎಬೊನೈಟ್ ಪೆನ್ನು ಬೇಸಿಗೆಯಲ್ಲಿ ನಿಬ್ಬಿನಿಂದ ತಟಕ್ಕನೆ ಒಂದು ಹನಿ ಉದುರಿಸುತ್ತದೆ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ತಳ್ಳುವುದರಿಂದ ಹಾಗಾಗುವುದು, ಪೆನ್ನು ಕೆಟ್ಟಿದೆ ಅಂತಲ್ಲ. ಅರ್ಧಕ್ಕಿಂತ ಕೆಳಗಿಳಿಯುವ ಮುಂಚೆ ತುಂಬಿಸುತ್ತಿದ್ದರೆ ಸಾಕು. ಎಬೊನೈಟ್ ಬಿಸಿಲಿಗೆ ಕಪ್ಪು ಹೋಗಿ ಕಂದಾಗುತ್ತದೆ. ಜಪಾನಿನ ಮಾಕಿ-ಎ ಪೆನ್ನು, ಅಂದರೆ ಹಸಿ ಅರಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸಿದ್ದು, ಅದೂ ನೇರ ಬಿಸಿಲಿಗೆ ಹಾಳಾಗುತ್ತದೆ. ಸೆಲ್ಯುಲಾಯ್ಡ್ ಅಂತೂ ಬೆಂಕಿ ಹಿಡಿಯುವ ವಸ್ತು, ನಿಲ್ಲಿಸಿದ ಕಾರಿನಲ್ಲಿ ಬಿಡಲೇಬಾರದು. ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟರೆ ತನ್ನಷ್ಟಕ್ಕೆ ತಾನೇ ಕೊಳೆಯುವುದೂ ಇದೇ. ನಮ್ಮ ಬೆಳಗಾವಿಯಲ್ಲಿ ತೊಂದರೆ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಥಂಡಿ, ಚರ್ಮದ ಡಬ್ಬಿಗೆ ಬೂಸು. ಇಲ್ಲಿಯವರು ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಬೇಕು, ಆಗಾಗ ಬದಲಿಸಬೇಕು. ಎರಡೂ ಕಡೆಯವರಿಗೆ ಒಂದು ಮಾತು: ಕಂಪನಿಯ ಡಬ್ಬಿಯೊಳಗಿನ ಫೋಮು ಹಳೆಯದಾದಮೇಲೆ ಅಂಟಂಟಾಗಿ ಪೆನ್ನಿನ ಮೈಗೆ ಹತ್ತುತ್ತದೆ. ಡಬ್ಬಿ, ಪುಸ್ತಿಕೆ, ನಂಬರಿನ ಸರ್ಟಿಫಿಕೇಟು ಒಂದು ಕಡೆ ಜೋಪಾನವಾಗಿರಲಿ, ಪೆನ್ನು ಬಟ್ಟೆಯ ಚೀಲದಲ್ಲಿರಲಿ. ನಾನು ಗುಳೇದಗುಡ್ಡದ ಖಣದ ತುಂಡಿನಲ್ಲಿ, ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಹಾಕಿಸಿ ಚೀಲ ಹೊಲಿಸಿಕೊಂಡಿದ್ದೇನೆ. ಒಂದೊಂದಕ್ಕೆ ಒಂದೊಂದು ಬಣ್ಣ.

ನೀರು. ಸರ, ಇದನ್ನು ಯಾರೂ ಹೇಳುವುದಿಲ್ಲ, ನಮ್ಮ ಭಾಗಕ್ಕೆ ಇದೇ ದೊಡ್ಡದು. ಬೋರಿನ ಸವಳು ನೀರಿನಲ್ಲಿ ಪೆನ್ನು ತೊಳೆದರೆ ನಿಬ್ಬಿನ ಕೆಳಗಿನ ನಾಲಿಗೆಯ ಕೂದಲೆಳೆಯಂಥ ಸಂದುಗಳಲ್ಲಿ ಬಿಳಿ ಉಪ್ಪು ಕೂರುತ್ತದೆ. ನಲ್ಲಿಯ ಬಾಯಲ್ಲಿ ಕಟ್ಟುತ್ತದಲ್ಲ, ಅದೇ. ಶಾಯಿ ಸಣ್ಣಗಾಗುತ್ತ ಹೋಗಿ ಒಂದು ದಿನ ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಡ್ರಿ, ಆಸಿಡ್ ಬೆರೆಸಿದ್ದಲ್ಲ ಅಂತ ಕೇಳಿ ತರ್ರಿ. ಬಟ್ಟಲಿಗೆ ಅದನ್ನು ಹಾಕಿ, ನಿಬ್ಬನ್ನು ಅದ್ದಿ, ಪಿಸ್ಟನ್ ತಿರುವಿ ಎಳೆದು ಬಿಡುವುದು, ನೀರು ಬಣ್ಣವಿಲ್ಲದೆ ಬರುವ ತನಕ. ಶಾಯಿ ಬದಲಿಸುವಾಗ, ಇಲ್ಲವೇ ಎರಡು ಮೂರು ತಿಂಗಳಿಗೊಮ್ಮೆ. ಬಿಸಿನೀರು ಬ್ಯಾಡ, ಸ್ಪಿರಿಟ್ಟು, ಸ್ಯಾನಿಟೈಸರ್ ಯಾವುದೂ ಬ್ಯಾಡ, ಅವು ಪೆನ್ನಿನ ಮೈಯ ರೆಸಿನ್ನನ್ನೂ ಒಳಗಿನ ಅಂಟನ್ನೂ ತಿನ್ನುತ್ತವೆ. ಪಿಸ್ಟನ್ ಬಿಗಿಯಾದರೆ ಶುದ್ಧ ಸಿಲಿಕೋನ್ ಗ್ರೀಸು, ಸೂಜಿಮೊನೆಯಷ್ಟು. ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ ಹಾಕಬ್ಯಾಡ್ರಿ. ಬೆಳ್ಳಿಯ ಪೆನ್ನು ಕಪ್ಪಾದರೆ ಮನೆಯಲ್ಲಿ ಪೂಜೆಯ ಸಾಮಾನು ತಿಕ್ಕಿದ ಹಾಗೆ ವಿಭೂತಿಯಿಂದ ತಿಕ್ಕಲು ಕೊಡಬ್ಯಾಡ್ರಿ, ಕೆತ್ತನೆಯ ಸಂದಿಯಲ್ಲಿ ಬೂದಿ ಕೂತರೆ ಬರುವುದಿಲ್ಲ. ಬೆಳ್ಳಿ ಒರೆಸುವ ಬಟ್ಟೆ ಸಾಕು.

ಶಾಯಿ ತುಂಬುವಾಗ ನಿಬ್ಬಿನ ತುದಿ ಮಾತ್ರ ಅದ್ದಿದರೆ ಒಳಗೆ ಹೋಗುವುದು ಗಾಳಿ. ನಿಬ್ಬಿನ ರಂಧ್ರ ಮುಳುಗಿ, ಹಿಡಿಕೆಯ ಅಂಚು ತಾಗುವಷ್ಟು ಇಳಿಸಬೇಕು. ತುಂಬಿದ ಮೇಲೆ ಎರಡು ಮೂರು ಹನಿ ವಾಪಸ್ ಬಾಟಲಿಗೆ ಬಿಟ್ಟು, ನಿಬ್ಬು ಮೇಲೆ ಮಾಡಿ, ಪಿಸ್ಟನ್ನನ್ನು ಪೂರ್ತಿ ಮುಚ್ಚಿದರೆ ನಾಲಿಗೆಯ ಹೆಚ್ಚಿನ ಶಾಯಿ ಒಳಗೆ ಹೋಗುತ್ತದೆ. ಹಳೆಯ ಮೆತ್ತನೆ ಧೋತರದ ತುಂಡಿನಿಂದ ಒರೆಸಿದರೆ ಮುಗಿಯಿತು. ಯಾವ ಶಾಯಿ ಅಂದರೆ, ಪೆಲಿಕಾನ್ 4001, ವಾಟರ್‌ಮನ್, ಕೋಲ್ಕತ್ತದ ಸುಲೇಖಾ, ಇಂಥ ಸಾದಾ ನೀಲಿ ಕಪ್ಪು ಸಾಕು. ನೆನಪಿರಲಿ, ಪೆಲಿಕಾನ್ 4001ರ ಬ್ಲೂಬ್ಲ್ಯಾಕಿನಲ್ಲಿ ಕಬ್ಬಿಣದ ಅಂಶವಿದೆ. ಕಾಗದದ ಮೇಲೆ ಗಾಳಿಗೆ ಕಪ್ಪಾಗಿ ಗಟ್ಟಿಯಾಗಿ ನಿಲ್ಲುತ್ತದೆ, ಪೆನ್ನಿನಲ್ಲಿ ಒಣಗಲು ಬಿಟ್ಟರೆ ಕಾಟ ಕೊಡುತ್ತದೆ. ಮಿನುಗುವ ಶಾಯಿ, ಚಿತ್ರ ಬಿಡಿಸುವ ಇಂಡಿಯನ್ ಇಂಕು ಈ ಪೆನ್ನಿನ ಹತ್ತಿರವೂ ಬರಬಾರದು. ಚಿತ್ರದ ಶಾಯಿಯಲ್ಲಿ ಅರಗು ಇರುತ್ತದೆ, ಒಣಗಿತೆಂದರೆ ನಾಲಿಗೆ ಮುಚ್ಚಿದಂತೆಯೇ.

ನಕಲಿ ಮಾಲಿನ ಬಗ್ಗೆ ಚಿಕ್ಕದಾಗಿ. ಮಗ ಅಧಿಕೃತ ಅಂಗಡಿಯಲ್ಲೇ ಕೊಳ್ಳಲಿ, ಬಿಲ್ಲು ಜೊತೆಗಿರಲಿ, ಬರುವಾಗ ಕಸ್ಟಮ್ಸಿನಲ್ಲಿ ಘೋಷಿಸಲಿ. ವಾಟ್ಸ್‌ಆ್ಯಪಿನಲ್ಲಿ ‘ಮಾಸ್ಟರ್ ಕಾಪಿ’ ಅಂತ ಬರುವ ಮಾಂಟ್‌ಬ್ಲಾಂಕ್ ಎಲ್ಲ ನಕಲಿ. ಮೈಸ್ಟರ್‌ಷ್ಟುಕ್ ಸಾಲಿನ ಈಗಿನ ಅಸಲಿ ಪೆನ್ನಿನ ಕ್ಲಿಪ್ಪಿನ ಒಳಬದಿಗೆ ‘ಪಿಕ್ಸ್’ ಅಂತ ಕೆತ್ತಿರುತ್ತದೆ, ಕ್ಲಿಪ್ಪಿನ ಉಂಗುರಕ್ಕೆ ಸೀರಿಯಲ್ ನಂಬರು, ಕಪ್ಪು ರೆಸಿನ್ನಿಗೆ ಬಲವಾದ ಬೆಳಕು ಹಿಡಿದರೆ ಕೆಂಪು ಛಾಯೆ. ಈಗ ನಕಲಿಯವರೂ ಕೆಲವನ್ನು ಕಲಿತಿದ್ದಾರೆ, ಹಾಗಾಗಿ ಎಲ್ಲವನ್ನೂ ಸೇರಿಸಿ ನೋಡಬೇಕು. ವಿಮಾನದಲ್ಲಿ ತರುವಾಗ ಪೆನ್ನು ಖಾಲಿ ಇರಲಿ.

ಬೇರೆಯವರಿಗೆ ಕೊಡುವ ವಿಷಯದಲ್ಲಿ ಗಟ್ಟಿಯಾಗಿರ್ರಿ. ಬೀಳ್ಕೊಡುಗೆಯ ದಿನ ಹತ್ತು ಜನ ಕೇಳುತ್ತಾರೆ, ಬಾಲ್‌ಪೆನ್ನಿನ ಅಭ್ಯಾಸದ ಕೈ ಒತ್ತಿ ಬರೆದರೆ ನಿಬ್ಬಿನ ಸೀಳು ಅಗಲವಾಗುತ್ತದೆ. ಜೇಬಿನಲ್ಲಿ ಇನ್ನೊಂದು ಬಾಲ್‌ಪೆನ್ ಇಟ್ಟುಕೊಳ್ರಿ, ಕೇಳಿದವರಿಗೆ ಅದು.

ಪೆನ್ನು ಬಂದ ಕೂಡಲೇ ಶಾಯಿ ತುಂಬಬ್ಯಾಡ್ರಿ. ಮೊದಲು ಗಡಿಯಾರ ರಿಪೇರಿಯವರ ಹತ್ತಿರವಿರುವಂಥ ಭೂತಗನ್ನಡಿಯಿಂದ ನಿಬ್ಬಿನ ತುದಿ ನೋಡ್ರಿ, ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿರಬೇಕು. ಆಮೇಲೆ ಒಣ ನಿಬ್ಬನ್ನೇ ಕಾಗದದ ಮೇಲೆ ಹಗುರವಾಗಿ ಆಡಿಸಿ ಕೆರೆಯುತ್ತದೋ ನೋಡ್ರಿ. ಎಷ್ಟೋ ಕಂಪನಿಗಳು ಶಾಯಿ ಮುಟ್ಟದ ನಿಬ್ಬನ್ನು ಕೊಂಡ ಕೆಲವು ವಾರಗಳೊಳಗೆ ಬದಲಿಸಿಕೊಡುತ್ತವೆ, ಆ ಗಡುವು ಎಷ್ಟು ಅಂತ ಮಗ ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಲಿ. ಅನುಮಾನ ಬಂದರೆ ತುದಿಯ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕ್ರಿ, ನೋಡಿ ಹೇಳುತ್ತೇನೆ.