ತೊಂಬತ್ತೊಂಬತ್ತನ್ನು ಬಿಟ್ಟು ಒಂದರ ಹಿಂದೆ?

ಪ್ರಶ್ನೆ: ಕುರುಬ 99 ಕುರಿ ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೋಗುತ್ತಾನೆ. ತಪ್ಪದೆ ನಡೆದವರಿಗೆ ಇದು ಅನ್ಯಾಯವಲ್ಲವೇ? ದೇವರ ಪ್ರೀತಿ ಪಡೆಯಲು ಮೊದಲು ಪಶ್ಚಾತ್ತಾಪ ಪಡಬೇಕಲ್ಲವೇ?

ಉತ್ತರ: ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು ಮೊದಲ ಎರಡು ವಚನಗಳಿಂದಲೇ ಓದಿ. ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನೆಂದು ಫರಿಸಾಯರೂ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರು) ಶಾಸ್ತ್ರಿಗಳೂ ಗೊಣಗಿದರು. ಕಳೆದ ಕುರಿ, ಕಳೆದ ನಾಣ್ಯ, ಮನೆಬಿಟ್ಟು ಹೋದ ಮಗ: ಈ ಅಧ್ಯಾಯದ ಮೂರು ಸಾಮ್ಯಗಳೂ (ದೃಷ್ಟಾಂತ ಕಥೆಗಳು) ಅದಕ್ಕೆ ಯೇಸು ಕೊಟ್ಟ ಉತ್ತರ. ಈ ಹಿನ್ನೆಲೆ ಬಿಟ್ಟರೆ ಕಥೆ ಬರೀ ಕುರಿಲೆಕ್ಕವಾಗುತ್ತದೆ.

ಕುರಿ ತಾನಾಗಿ ದಾರಿ ಹಿಡಿಯಲಾರದು. ನಾಣ್ಯಕ್ಕೆ ತಾನು ಕಳೆದಿರುವುದೂ ಗೊತ್ತಿಲ್ಲ. ಅದು 10 ಬೆಳ್ಳಿ ನಾಣ್ಯಗಳಲ್ಲಿ ಒಂದು, ಸುಮಾರು ಒಂದು ದಿನದ ಕೂಲಿ. ಹುಡುಕಾಟವೆಲ್ಲ ಕಳೆದುಕೊಂಡವರದೇ.

ಇನ್ನು ಪಶ್ಚಾತ್ತಾಪ. 18, 19ನೇ ವಚನಗಳನ್ನು 21ರ ಪಕ್ಕದಲ್ಲಿಟ್ಟು ನೋಡಿ. ಆಸ್ತಿ ಹಾಳುಮಾಡಿ ಮನೆಗೆ ಮರಳುವ ಕಿರಿಮಗ ಕಟ್ಟಿಕೊಂಡು ಬಂದ ಮಾತಿನ ಕೊನೆಯ ಭಾಗ, 'ನನ್ನನ್ನು ಕೂಲಿಯವನಂತೆ ಇಟ್ಟುಕೋ' ಎಂಬುದು, ಅವನ ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆ ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡದ್ದು ಮಾತಿಗೂ ಮೊದಲು. ಪಶ್ಚಾತ್ತಾಪ ಬೇಕೇ ಬೇಕು, ಆದರೆ ಅದು ಪ್ರೀತಿಗೆ ತೆತ್ತ ಬೆಲೆಯಲ್ಲ.

ಅನ್ಯಾಯದ ಮಾತು ಮನೆಯಲ್ಲೇ ಉಳಿದು ದುಡಿದ ಹಿರಿಮಗನದು. ಈ ಕಥೆಯ ಮೇಲಿನ ಎಷ್ಟೋ ಪ್ರಸಂಗಗಳು (ಉಪದೇಶಗಳು) ಅವನನ್ನು ಮುಟ್ಟದೆ ಮುಗಿಯುತ್ತವೆ. ಅದು ದೊಡ್ಡ ಕೊರತೆ. ತಮ್ಮನಿಗೆ ಸಿಕ್ಕ ಸ್ವಾಗತಕ್ಕೆ ಸಿಟ್ಟಾಗಿ ಹೊರಗೇ ನಿಂತ ಅವನ ಬಳಿಗೂ ತಂದೆ ತಾನೇ ಬಂದು ಬೇಡಿಕೊಳ್ಳುತ್ತಾನೆ, 28ನೇ ವಚನ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.